ಯಾವುದಾದ್ರೂ ಕೊಡಿ

ಬ್ಯಾಂಕಿನ ಕ್ಯಾಷ್ ಕೌಂಟರಿನ ಗಾಜಿನ ಹಿಂದೆ ಕೂತು ನಾನು ದಿನಾ ಕೇಳುವ ಪ್ರಶ್ನೆ ಒಂದೇ: 'ಯಾವ ನೋಟು ಕೊಡ್ಲಿ?' 1996ರಲ್ಲಿ ಬಿ.ಎಸ್.ಆರ್.ಬಿ. ಪರೀಕ್ಷೆ ಪಾಸಾಗಿ ಕ್ಲರ್ಕ್ ಕಂ ಕ್ಯಾಷಿಯರ್ ಅಂತ ಸೇರಿದವಳು. ಹಾಸನ ಜಿಲ್ಲೆಯಲ್ಲೇ ನಾಲ್ಕು ಬ್ರಾಂಚು ಸುತ್ತಿದ್ದೇನೆ. ಒದ್ದೆ ಸ್ಪಂಜಿಗೆ ಬೆರಳು ಮುಟ್ಟಿಸಿ ಮುಟ್ಟಿಸಿ ಬಲಗೈ ಹೆಬ್ಬೆರಳಿನ ರೇಖೆಯೇ ಸವೆದಿದೆ. ಆಧಾರ್ ಯಂತ್ರ ನನ್ನನ್ನು ಗುರುತಿಸಲು ಮೂರು ಸಲ ಒರೆಸಿಕೊಂಡು ಒತ್ತಬೇಕು.

ಆ ಪ್ರಶ್ನೆಗೆ ಬರುವ ಉತ್ತರದಲ್ಲೇ ಮನುಷ್ಯರು ಅರ್ಧ ಗೊತ್ತಾಗಿಬಿಡುತ್ತಾರೆ. ಅರಸೀಕೆರೆಯಲ್ಲಿದ್ದಾಗ ಕೊಬ್ಬರಿ ಮಂಡಿಯವರು ಕಣ್ಣೆತ್ತದೆ 'ಎಲ್ಲಾ ಐನೂರರದ್ದೇ' ಅನ್ನುತ್ತಿದ್ದರು. ಸಕಲೇಶಪುರದಲ್ಲಿ ಎಸ್ಟೇಟಿನ ರೈಟರುಗಳು ಬಟವಾಡೆಯ ಹಿಂದಿನ ದಿನ ಚೀಟಿಯಲ್ಲಿ ಬರೆದುಕೊಂಡೇ ಬರುತ್ತಿದ್ದರು, ನೂರು ಇಷ್ಟು, ಐವತ್ತು ಇಷ್ಟು, ಹತ್ತು ಇಷ್ಟು ಅಂತ. ಮದುವೆ ಮನೆಯವರಿಗೆ ಗರಿಗರಿ ಹೊಸ ನೋಟೇ ಆಗಬೇಕು, ಜೊತೆಗೆ ಮುಯ್ಯಿಯ ಕವರಿಗೆ ಹಾಕಲು ಒಂದು ರೂಪಾಯಿ ನಾಣ್ಯ. ಒಬ್ಬರು ಹಿರಿಯ ದಿನಸಿ ಅಂಗಡಿಯವರು ಮಾತ್ರ 'ಹೊಸದು ಬೇಡಮ್ಮಾ, ಒಂದಕ್ಕೊಂದು ಅಂಟ್ಕೊಂಡು ಎರಡೆರಡು ಹೋಗ್ಬಿಡ್ತವೆ' ಅಂತ ಹಳೆಯದನ್ನೇ ಕೇಳಿ ಪಡೆಯುತ್ತಿದ್ದರು. ಇಷ್ಟು ವರ್ಷದಲ್ಲಿ ಹಳೆ ನೋಟು ಬೇಕು ಅಂದವರು ಅವರೊಬ್ಬರೇ. ಅವರ ಮೇಲೆ ನನಗೆ ಅವತ್ತಿನಿಂದಲೂ ಒಂದು ಗೌರವ.

ಇವರನ್ನು ಬಿಟ್ಟರೆ ಉಳಿದವರದ್ದು, ಅದರಲ್ಲೂ ಹೆಂಗಸರದ್ದು, ಒಂದೇ ಉತ್ತರ: 'ಯಾವುದಾದ್ರೂ ಕೊಡಿ.'

ಕೊಡುತ್ತೇನೆ. ಎಣಿಸಿಕೊಂಡು ಬಾಗಿಲ ತನಕ ಹೋಗುತ್ತಾರೆ. ಅಲ್ಲೇ ನಿಂತು ಸೆರಗಿನ ತುದಿಯನ್ನೋ ಪರ್ಸಿನ ಜಿಪ್ಪನ್ನೋ ತಡವರಿಸುತ್ತಾ ಎರಡು ನಿಮಿಷ ಕಳೆಯುತ್ತಾರೆ. ಆಮೇಲೆ ಕ್ಯೂ ತಪ್ಪಿಸಿ ಪಕ್ಕದಿಂದ ತಲೆ ಹಾಕಿ, ತಪ್ಪು ಮಾಡಿದವರ ದನಿಯಲ್ಲಿ 'ಮೇಡಂ, ಒಂದ್ ಐನೂರಕ್ಕೆ ಚಿಲ್ರೆ ಸಿಗುತ್ತಾ? ಆಟೋದವನು ಬೈತಾನೆ' ಅನ್ನುತ್ತಾರೆ. ಏನು ಬೇಕು ಅಂತ ಅವರಿಗೆ ಮೊದಲೇ ಗೊತ್ತಿತ್ತು. ಕೇಳಿದಾಗ ಬಾಯಿಗೆ ಬರಲಿಲ್ಲ.

ಮೊದಮೊದಲು ನನಗೆ ಇದರಿಂದ ರೇಗುತ್ತಿತ್ತು. ನಾನೂ ಅದೇ ಜಾತಿಯ ಪ್ರಾಣಿ ಅಂತ ಗೊತ್ತಾಗುವ ಹೊತ್ತಿಗೆ ನನಗೆ ನಲವತ್ತಾಗಿತ್ತು.

2012ರಲ್ಲಿ ಬೆಂಗಳೂರಿನಲ್ಲಿ ಮೂರು ದಿನದ ಟ್ರೈನಿಂಗು. ಬೆಳಿಗ್ಗೆ ತಿಂಡಿಗೆ ಒಬ್ಬಳೇ ಹೋಟೆಲಿಗೆ ಹೋದೆ. ಹೇಳಿದರೆ ಈಗಿನ ಮಕ್ಕಳು ನಗುತ್ತಾರೆ, ಅದಕ್ಕೆ ಮೊದಲು ನಾನು ಒಬ್ಬಳೇ ಹೋಟೆಲಿನಲ್ಲಿ ಕೂತು ತಿಂದವಳೇ ಅಲ್ಲ. ಬಂದ ಹುಡುಗ ಬಟ್ಟೆಯಲ್ಲಿ ಟೇಬಲ್ ಒರೆಸಿ, ಎರಡು ಲೋಟ ನೀರಿಟ್ಟು, 'ಒಬ್ರೇನಾ ಮೇಡಂ?' ಅಂತ ಒಂದು ಲೋಟ ವಾಪಸ್ ತೆಗೆದುಕೊಂಡ. ಆಮೇಲೆ ಒಂದೇ ಉಸಿರಿಗೆ ಇಡ್ಲಿ ವಡೆ ಖಾರಾಬಾತ್ ಕೇಸರಿಬಾತ್ ಮಸಾಲೆ ಖಾಲಿ ಸೆಟ್ ರವೆ ಅಂತ ಒದರಿ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಎದುರಿನ ಖಾಲಿ ಕುರ್ಚಿ ನೋಡಿದೆ. ಅಲ್ಲಿ ನನ್ನ ಯಜಮಾನರು ಇದ್ದಿದ್ದರೆ ಅವರೊಂದು ಹೇಳುತ್ತಿದ್ದರು, ನಾನು 'ನಂಗೂ ಅದೇ' ಅನ್ನುತ್ತಿದ್ದೆ. ಮದುವೆಗೆ ಮೊದಲು ಅಪ್ಪನ ಎದುರಿಗೆ ಕೂತೂ ಅದನ್ನೇ ಅಂದಿದ್ದೆ. ಹುಡುಗ ಪೆನ್ನನ್ನು ಕಿವಿಗೆ ಸಿಕ್ಕಿಸಿ ಪಕ್ಕದ ಟೇಬಲ್ಲಿಗೆ ಹೋಗಿ ಬಂದ. ನಾನು ಇನ್ನೂ ಯೋಚಿಸುತ್ತಲೇ ಇದ್ದೆ. ಕೊನೆಗೆ 'ಖಾಲಿ ದೋಸೆ' ಅಂದೆ. ಬಂತು, ಸಾಗು ಜೊತೆ. ಬೆಣ್ಣೆ ಬೇಡ ಅಂದಿದ್ದೆ, ತೆಗೆಸಿಕೊಂಡು ಬಂದ. ಪಲ್ಯ ತುಂಬಿದ, ಅಂಚು ಕೆಂಪಗೆ ಕಾದ ಮಸಾಲೆ ದೋಸೆಯನ್ನು ಅಲ್ಲಿಯವರೆಗೆ ನಾನು ಎಷ್ಟು ತಿಂದಿದ್ದೆನೋ ಲೆಕ್ಕವಿಲ್ಲ. ಅದು ನನಗೆ ಅಷ್ಟಕ್ಕಷ್ಟೇ ಅಂತ ಗೊತ್ತಾದದ್ದು ಅವತ್ತು.

ಕಾಫಿಗೂ ಹುಡುಗ ಅಭ್ಯಾಸಬಲದಿಂದ ಕೇಳಿದ: 'ಬೈಟೂನಾ?' ಒಬ್ಬಳೇ ಕೂತವಳಿಗೆ ಬೈಟೂ ಎಲ್ಲಿಂದ? ಫುಲ್ ಕಾಫಿ ತರಿಸಿಕೊಂಡು ಬಟ್ಟಲಿಗೆ ಬಗ್ಗಿಸದೆ, ಆರಿಸದೆ, ಯಾರಿಗೂ ಅರ್ಧ ಉಳಿಸದೆ ಕುಡಿದೆ.

ಬೈಟೂ ಕಾಫಿ ನಮ್ಮ ಕಡೆಯ ದೊಡ್ಡ ಸಂಪ್ರದಾಯ, ಅದರ ಬಗ್ಗೆ ಹಗುರವಾಗಿ ಮಾತಾಡುವ ಹಾಗಿಲ್ಲ. ಸ್ನೇಹವೂ ಉಂಟು, ಉಳಿತಾಯವೂ ಉಂಟು. ಮದುವೆಯಾದ ಹೊಸತರಲ್ಲಿ ಹಾಸನದ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ನಾವಿಬ್ಬರೂ ಕುಡಿದ ಬೈಟೂಗಳನ್ನು ನೆನೆದರೆ ಈಗಲೂ ಖುಷಿಯೇ. ಆದರೆ ಹದಿನೈದು ವರ್ಷ ಪ್ರತಿ ಸಲವೂ ಕೊನೆಯ ಗುಟುಕಿಗೆ ನನಗೆ ಇನ್ನಷ್ಟು ಬೇಕಿತ್ತು. ಬೆಂಗಳೂರಿನಿಂದ ಬಂದ ಮೇಲೆ ಅದೇ ಹೋಟೆಲಿನಲ್ಲಿ ಯಜಮಾನರು ಬೈಟೂ ಅನ್ನುವಷ್ಟರಲ್ಲಿ ನಾನು 'ನಂಗೆ ಫುಲ್' ಅಂದುಬಿಟ್ಟೆ. ಅವರು ತಿರುಗಿ ನೋಡಿದ ಆ ನೋಟ ಇನ್ನೂ ಕಣ್ಣಮುಂದಿದೆ. 'ಹೇಳಬಾರದಿತ್ತೇನೇ ಇಷ್ಟು ವರ್ಷ?' ಅಂದರು. ಅದರಲ್ಲಿ ಕೋಪಕ್ಕಿಂತ ಬೇಜಾರು ಹೆಚ್ಚಿತ್ತು. ನಾವಿಬ್ಬರೂ ಹಂಚಿಕೊಂಡು ಕುಡಿಯುತ್ತಿದ್ದೆವು ಅಂದುಕೊಂಡಿದ್ದ ಮನುಷ್ಯನಿಗೆ, ಇವಳು ಸಹಿಸಿಕೊಂಡು ಕುಡಿಯುತ್ತಿದ್ದಳು ಅಂತ ಗೊತ್ತಾದರೆ ಹಾಗಾಗದೆ ಇನ್ನೇನು? ಮೇಷ್ಟ್ರು ಅವರು. ಈಗ ಸ್ಕೂಲಿನ ಪಕ್ಕದ ಕ್ಯಾಂಟೀನಿನಲ್ಲಿ ಡ್ರಾಯಿಂಗ್ ಮೇಷ್ಟ್ರ ಜೊತೆ ಬೈಟೂ ಕುಡಿಯುತ್ತಾರೆ. ನನ್ನ ಜೊತೆ ಕುಡಿಯುವುದಿಲ್ಲ. ಫುಲ್ ಕಾಫಿಗೆ ಅಷ್ಟು ಬೆಲೆ ಕೊಟ್ಟಿದ್ದೇನೆ.

ಹೀಗಾಗಿ, ಬೇಕಾದ್ದನ್ನು ಬಾಯಿಬಿಟ್ಟು ಹೇಳಿದರೆ ಎಲ್ಲವೂ ಸುಸೂತ್ರ ಅಂತ ನಾನು ಬರೆಯುತ್ತಿಲ್ಲ. ನನ್ನ ತಕರಾರು ಬೇರೆ. 'ಏನಾದ್ರೂ ಆದೀತು', 'ಯಾವುದಾದ್ರೂ ನಡೆಯುತ್ತೆ' ಅನ್ನುವುದನ್ನು ನಾವು ದೊಡ್ಡ ಗುಣ ಅಂತ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಕಲಿಸುತ್ತಾ ಬಂದಿದ್ದೇವಲ್ಲ, ಅದು ಗುಣ ಹೌದೋ ಅಲ್ಲವೋ ಒಂದು ಸಲ ಎಣಿಸಿ ನೋಡಬೇಕು. ಎಣಿಸುವುದು ನನ್ನ ಕಸುಬು.

ಅಡುಗೆಮನೆಯಿಂದಲೇ ಶುರು ಮಾಡಿ. ಸಂಜೆ ಆರಕ್ಕೆ ಕ್ಯಾಷ್ ಟ್ಯಾಲಿ ಮಾಡಿ ಮನೆಗೆ ಬಂದು ಕೇಳುತ್ತೇನೆ: 'ರಾತ್ರಿಗೆ ಏನ್ ಮಾಡ್ಲಿ?' ಟೀವಿ ಮುಂದಿನಿಂದ ಉತ್ತರ: 'ಏನಾದ್ರೂ ಮಾಡು.' ಕೇಳಿಸಿಕೊಂಡವರಿಗೆ ಎಷ್ಟು ಸಾಧು ಗಂಡಸು ಅನ್ನಿಸಬೇಕು. ಆದರೆ ಆ 'ಏನಾದ್ರೂ'ವಿನ ಒಳಗೆ ಏನೇನಿದೆ ನೋಡಿ. ಸೊಪ್ಪು ಬಾಡಿದೆಯಾ, ಕಾಳು ನೆನೆಹಾಕಿದೆಯಾ, ಅತ್ತೆಗೆ ಗ್ಯಾಸ್ಟ್ರಿಕ್ ಆಗುತ್ತಾ, ಮಗಳು ತಿನ್ನುತ್ತಾಳಾ, ನಿನ್ನೆ ಏನಾಗಿತ್ತು, ನಾಳೆಯ ಡಬ್ಬಿಗೆ ಏನುಳಿಯುತ್ತೆ. ಅಷ್ಟೂ ಲೆಕ್ಕವನ್ನು ಅವರು ಒಂದೇ ಪದದಲ್ಲಿ ನನ್ನ ತಲೆಗೆ ಜಮೆ ಮಾಡಿದರು. ಅದಾಗಿ ತಾಸಿನ ಮೇಲೆ ಪಾತ್ರೆಯ ಮುಚ್ಚಳ ಎತ್ತಿ, 'ಓ, ಇವತ್ತೂ ಬಸ್ಸಾರಾ?'

ನಮ್ಮನೆಯಲ್ಲಿ ಈಗೊಂದು ಕಾನೂನಿದೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಅವರವರ ದಿನಕ್ಕೆ ಅವರವರು ಏನು ಬೇಕೋ ಬರೆಯಬೇಕು. ಬರೆಯದೆ 'ಏನಾದ್ರೂ' ಅಂದವರ ದಿನ ಉಪ್ಪಿಟ್ಟು. ಉಪ್ಪಿಟ್ಟಿಗೆ ಕರ್ನಾಟಕದ ಮಕ್ಕಳೆಲ್ಲ ಇಟ್ಟ ಹೆಸರು ಕಾಂಕ್ರೀಟು ತಾನೇ? ಹೆದರಿಕೆ ಕೆಲಸ ಮಾಡಿತು. ಮೊದಲ ವಾರವೇ ಕ್ಯಾಲೆಂಡರ್ ತುಂಬಿಹೋಯಿತು. ಎಂಬತ್ತರ ಹತ್ತಿರದ ನಮ್ಮತ್ತೆ ಕನ್ನಡಕ ಹಾಕಿಕೊಂಡು, ಗುಂಡಗೆ, 'ಹುರುಳಿಕಟ್ಟು, ಮುದ್ದೆ' ಅಂತ ಬರೆದರು. ಸೊಸೆಯಾಗಿ ಬಂದು ಹದಿನೇಳು ವರ್ಷದಲ್ಲಿ ಅವರು ಇದು ಬೇಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಉಪ್ಪಿಟ್ಟಿನ ಪರವಾಗಿಯೂ ಒಂದು ಮಾತು: ಜನವರಿಯ ಸೊಗಡಿನ ಅವರೆಕಾಳು ಹಾಕಿ, ಕೊನೆಗೆ ತುಪ್ಪ ಬಿಟ್ಟ ಉಪ್ಪಿಟ್ಟನ್ನು ಬೈಯುವವರ ನಾಲಿಗೆಯನ್ನು ನಾನು ನಂಬುವುದಿಲ್ಲ.

'ಏನಾದ್ರೂ'ವಿಗೆ ಒಬ್ಬ ಅಣ್ಣನಿದ್ದಾನೆ. 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.' ಇಂಗ್ಲಿಷಿನಿಂದ ಬಂದರೂ ಇದಕ್ಕಿಂತ ಕನ್ನಡದ ಪದ ಇಲ್ಲ. ಹಾಸನದಿಂದ ಅರಸೀಕೆರೆ ನಲವತ್ತು ಕಿಲೋಮೀಟರಿನ ಮೇಲೆ. ಆ ಬಸ್ಸಿನಲ್ಲಿ ನಾನು ಆರು ವರ್ಷ ದಿನಾ ಓಡಾಡಿದ್ದೇನೆ. ಮೂವರ ಸೀಟಿಗೆ ನಾಲ್ಕನೆಯವರಾಗಿ ಬರುವ, ಮಡಿಲಲ್ಲಿ ಮಗು, ಕಾಲ ಬುಡದಲ್ಲಿ ಚೀಲ ಇರುವ ಹೆಂಗಸಿಗೆ ಸರಿದು ಜಾಗ ಕೊಡುವುದು ಕಲಿಯಬೇಕಾದ ವಿದ್ಯೆಯೇ. ಅದನ್ನು ಬಿಡಬೇಕು ಅಂತ ಯಾರಾದರೂ ಅಂದರೆ ನಾನು ಜಗಳಕ್ಕೆ ಬರುತ್ತೇನೆ. ಆದರೆ ಅದೇ ಮಾತನ್ನು ಕೂತವರು ನಿಂತವರಿಗೆ ಹೇಳಿದಾಗ ಅದರ ಅರ್ಥ ಬೇರೆ. ಇದನ್ನು ನಾನು ಕಲಿತದ್ದು ನಾನೇ ಆ ಮಾತು ಆಡಿ.

2016ರ ನವೆಂಬರ್. 8ನೇ ತಾರೀಖು ರಾತ್ರಿ ಐನೂರು, ಸಾವಿರದ ನೋಟು ರದ್ದಾದ ಸುದ್ದಿ. 9ಕ್ಕೆ ಬ್ಯಾಂಕು ಮುಚ್ಚಿ, 10ಕ್ಕೆ ತೆರೆದಾಗ ರಸ್ತೆಯವರೆಗೆ ಸಾಲು. ಆ ದಿನಗಳಲ್ಲಿ ನಮ್ಮ ಕೌಂಟರಿನಲ್ಲಿ 'ಯಾವ ನೋಟು ಕೊಡ್ಲಿ' ಅನ್ನುವ ಪ್ರಶ್ನೆಯೇ ನಿಂತುಹೋಯಿತು. ಇದ್ದದ್ದು ಗುಲಾಬಿ ಬಣ್ಣದ ಎರಡು ಸಾವಿರದ ನೋಟು. ನೂರರ ಕಟ್ಟು ಬಂದರೆ ಬೆಳಿಗ್ಗೆ ಹನ್ನೊಂದಕ್ಕೆ ಖಾಲಿ. ಒಬ್ಬ ಅಜ್ಜಿ, ಹಳ್ಳಿಯಿಂದ ಬಂದವರು, ಮೂರು ತಾಸು ನಿಂತು ಕೌಂಟರಿಗೆ ಬಂದರು. ಅಕೌಂಟಿನಲ್ಲಿ ಕೂಡಿಟ್ಟಿದ್ದ ಎರಡು ಸಾವಿರ ತೆಗೆಯಬೇಕಿತ್ತು. 'ನೂರರದ್ದು ಕೊಡವ್ವ' ಅಂದರು. ಸ್ಪಷ್ಟವಾಗಿ, ಮೊದಲ ಸಲಕ್ಕೇ. ನನ್ನ ಡ್ರಾಯರಿನಲ್ಲಿ ಇರಲಿಲ್ಲ. ಒಂದೇ ಒಂದು ಗುಲಾಬಿ ನೋಟು ಗಾಜಿನ ಕೆಳಗಿಂದ ಜಾರಿಸಿದೆ. ಅವರು ಅದನ್ನು ತಿರುವಿ ನೋಡಿ ಮತ್ತೆ ನನ್ನ ಕಡೆಗೇ ಜಾರಿಸಿದರು. 'ಇದ್ನ ನಮ್ಮೂರಲ್ಲಿ ಯಾರವ್ವ ಇಸ್ಕತಾರೆ?' ನಾನು ನೋಟನ್ನು ಪುನಃ ಅವರ ಕಡೆ ತಳ್ಳಿ, 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಜ್ಜಿ' ಅಂದೆ.

ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ, ಹಿಂದಿನ ರಾತ್ರಿ ಮನೆಗೆ ಹೋದಾಗ ಹತ್ತು ಗಂಟೆ, ಆ ವಾರ ಲೆಕ್ಕ ತಪ್ಪಿ ಕೈಯಿಂದ ಕಟ್ಟಿದ್ದೆ. ಇವೆಲ್ಲ ನನ್ನ ಕಡೆಯ ವಾದ. ಆದರೂ ಆ ಅಜ್ಜಿ ನೋಟನ್ನು ನಾಲ್ಕು ಮಡಿಕೆ ಮಾಡಿ ಎಲೆ-ಅಡಿಕೆ ಸಂಚಿಗೆ ಹಾಕಿಕೊಂಡು ಮಾತಿಲ್ಲದೆ ಹೋದದ್ದು ಮರೆತಿಲ್ಲ. 'ನೋಟು ಇಲ್ಲ ಅಜ್ಜಿ, ತಪ್ಪಾಯ್ತು' ಅನ್ನಬಹುದಿತ್ತು. ಅಡ್ಜಸ್ಟ್ ಮಾಡಿಕೊಳ್ಳಬೇಕಾದವರು ಅವರು, ಉಪದೇಶ ನನ್ನದು. ಏನು ಬೇಕು ಅಂತ ಗಟ್ಟಿಯಾಗಿ ಹೇಳಬಲ್ಲ ಅಪರೂಪದ ಒಬ್ಬ ಹೆಂಗಸಿಗೆ, ಹೇಳಿ ಏನೂ ಪ್ರಯೋಜನವಿಲ್ಲ ಅಂತ ನಾನೇ ಪಾಠ ಮಾಡಿ ಕಳಿಸಿದೆ. 2023ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಆ ನೋಟನ್ನು ಹಿಂದೆ ತೆಗೆದುಕೊಳ್ಳುವುದಾಗಿ ಹೇಳಿದ ಮೇಲೆ ಒಂದೊಂದೇ ಗುಲಾಬಿ ನೋಟು ಕೌಂಟರಿಗೆ ವಾಪಸ್ ಬಂದಾಗ, ನಾಲ್ಕು ಮಡಿಕೆಯ ಗುರುತು ಇರುವುದನ್ನು ಕಂಡರೆ ಕೈ ತಡೆಯುತ್ತಿತ್ತು.

ನಮ್ಮ ಫಾರಂಗಳಲ್ಲೇ ಒಂದು ತಮಾಷೆ ಇದೆ. ದುಡ್ಡು ಕಟ್ಟುವ ಚಲನ್ನಿನಲ್ಲಿ ಯಾವ ನೋಟು ಎಷ್ಟು ಅಂತ ಬರೆಯಲು ಸಾಲು ಸಾಲು ಕಾಲಂ. ದುಡ್ಡು ತೆಗೆಯುವ ಫಾರಂನಲ್ಲಿ ಅಂಥದ್ದೊಂದು ನಾನು ಕಂಡಿಲ್ಲ. ನೀವು ಏನು ಕೊಟ್ಟಿರಿ ಅನ್ನುವುದಕ್ಕೆ ದಾಖಲೆ ಉಂಟು, ನಿಮಗೆ ಏನು ಬೇಕು ಅನ್ನುವುದಕ್ಕೆ ಜಾಗವಿಲ್ಲ. ಕೊಟ್ಟ ನೋಟಿನ ವಿವರವನ್ನು ನಾವು ಕ್ಯಾಷಿಯರುಗಳು ಫಾರಂನ ಹಿಂಬದಿಯಲ್ಲಿ ನಮ್ಮ ರಕ್ಷಣೆಗೆ ಗೀಚಿಕೊಳ್ಳುತ್ತೇವೆ, ಅಷ್ಟೆ.

ಹಾಗಂತ ಎಲ್ಲ ಬೇಕು-ಬೇಡಗಳಿಗೂ ನಾನು ಕೈಮುಗಿಯುವುದಿಲ್ಲ. ಹತ್ತು ರೂಪಾಯಿ ನಾಣ್ಯ ಕೊಟ್ಟರೆ ಮುಖ ಸಿಂಡರಿಸಿ 'ಇದು ಬೇಡ ಮೇಡಂ, ನಡೆಯಲ್ಲ' ಅನ್ನುವವರು ಇನ್ನೂ ಇದ್ದಾರೆ. ಹದಿನಾಲ್ಕು ವಿನ್ಯಾಸದಲ್ಲಿ ಬಂದಿದೆ, ಎಲ್ಲವೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿತು. ಆದರೂ ಒಂದರಲ್ಲಿ ಹತ್ತು ಗೆರೆ ಇದೆ, ಇನ್ನೊಂದರಲ್ಲಿ ಹದಿನೈದಿದೆ, ಆದ್ದರಿಂದ ಒಂದು ಡೂಪ್ಲಿಕೇಟು ಅನ್ನುವ ಗಾಳಿಮಾತು ಹೋಗಿಲ್ಲ. ಇಂಥದ್ದನ್ನು ಇಷ್ಟ ಅನ್ನುವುದಕ್ಕಾಗುತ್ತಾ? ಯಾರೋ ಬೇಡ ಅಂದರು, ಇವರೂ ಬೇಡ ಅಂದರು. ನನ್ನ 'ನಂಗೂ ಅದೇ' ಮಸಾಲೆ ದೋಸೆಗೂ ಇದಕ್ಕೂ ವ್ಯತ್ಯಾಸವಿಲ್ಲ.

ನನ್ನದೇ ಇಷ್ಟಗಳು ಅಂತ ನಲವತ್ತರ ಮೇಲೆ ಕಂಡುಕೊಂಡವು ಬಹಳ ಸಣ್ಣವು, ಹೇಳಿಕೊಳ್ಳಲು ನಾಚಿಕೆಯಾಗುವಷ್ಟು. ಮದುವೆಗೆ ಮುಹೂರ್ತಕ್ಕೆ ಹೋಗುತ್ತೇನೆ, ಮೊದಲ ಪಂಕ್ತಿಯಲ್ಲಿ ಊಟ ಮಾಡುತ್ತೇನೆ, ಹಿಂದಿನ ರಾತ್ರಿಯ ರಿಸೆಪ್ಷನ್ನಿಗೆ ಹೋಗುವುದಿಲ್ಲ. ಸ್ಟೇಜಿನ ಮೆಟ್ಟಿಲ ಹತ್ತಿರ ಗಿಫ್ಟ್ ಹಿಡಿದು ಮುಕ್ಕಾಲು ತಾಸು ನಿಲ್ಲುವುದು ನನಗೆ ಕ್ಯಾಷ್ ಕೌಂಟರಿನ ಆಚೆ ಬದಿಯ ಹಾಗೆ ಕಾಣುತ್ತದೆ. ಪ್ರಮೋಷನ್ ಬೇಡ ಅಂತ ಎರಡು ಸಲ ಬರೆದುಕೊಟ್ಟೆ. ಆಫೀಸರ್ ಆದರೆ ಊರೂರು ಟ್ರಾನ್ಸ್‌ಫರ್, ಅದು ಒಂದು ಕಾರಣ ಹೌದು. ಕೇಳಿದವರಿಗೆಲ್ಲ ಅದನ್ನೇ ಹೇಳಿ, ಮಕ್ಕಳಿಗಾಗಿ ತ್ಯಾಗ ಮಾಡಿದಳು ಅಂತ ಹೊಗಳಿಸಿಕೊಂಡೆ. ನಿಜ ಏನೆಂದರೆ ನನಗೆ ನೋಟು ಎಣಿಸುವುದು ಇಷ್ಟ. ನೂರಕ್ಕೆ ನೂರು ಸರಿಹೋಗಿ ಕಟ್ಟಿಗೆ ಪಟ್ಟಿ ಸುತ್ತುವಾಗ ಆಗುವ ಸಮಾಧಾನ ಸಾಲದ ಫೈಲಿಗೆ ಸಹಿ ಹಾಕುವುದರಲ್ಲಿ ಇರಲಾರದು. ಇದನ್ನು ಒಪ್ಪಿಕೊಳ್ಳಲು ನನಗೆ ಐವತ್ತಾಗಬೇಕಾಯಿತು.

ಇಷ್ಟೆಲ್ಲ ಕಲಿತ ಹುಮ್ಮಸ್ಸಿನಲ್ಲಿ ನಾನು ಅವ್ವನನ್ನೂ ಸರಿ ಮಾಡಲು ಹೊರಟೆ. ಅರಸೀಕೆರೆ ತಾಲ್ಲೂಕಿನ ನಮ್ಮ ಹಳ್ಳಿಮನೆಯಲ್ಲಿ ಅವ್ವ ಕಬ್ಬಿಣದ ಕಾವಲಿಯ ಮೇಲೆ ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರಿ ದೋಸೆ ಹುಯ್ಯುತ್ತಿದ್ದಳು. ಮೊದಲನೆಯದು ಯಾವಾಗಲೂ ಹಿಡಿದುಕೊಳ್ಳುತ್ತದೆ. ದಪ್ಪಗೆ, ಬಿಳಿಚಿಕೊಂಡು, ಮೂರು ಚೂರಾಗಿ ಎದ್ದು ಬರುತ್ತದೆ. ಅದು ಅವ್ವನ ತಟ್ಟೆಗೆ. ಆಮೇಲಿನವು ಅಪ್ಪನಿಗೆ, ಅಣ್ಣಂದಿರಿಗೆ, ನನಗೆ. 'ನಂಗೆ ಇದೇ ಸೇರ್ತದೆ' ಅನ್ನುತ್ತಿದ್ದಳು. ಎಲ್ಲರ ಅವ್ವಂದಿರೂ ಹೇಳುವ ಸುಳ್ಳು ಇದು ಅಂತ ನಾನು ದೊಡ್ಡವಳಾದ ಮೇಲೆ ಒಳಗೇ ಅತ್ತಿದ್ದೇನೆ. ಮೂರು ವರ್ಷದ ಹಿಂದೆ ಅವಳು ನಮ್ಮನೆಗೆ ಬಂದಾಗ, ಮೊದಲ ದೋಸೆಯನ್ನು ಬೇಕೆಂದೇ ಪಕ್ಕಕ್ಕೆ ಎಸೆದು, ಕೆಂಪಗೆ, ಗರಿಗರಿಯಾಗಿ ಎದ್ದ ನಾಲ್ಕನೆಯದನ್ನು ತುಪ್ಪ ಹಾಕಿ ಬಿಸಿಬಿಸಿ ಅವಳ ತಟ್ಟೆಗೆ ಇಟ್ಟೆ. ಕಣ್ಣು ತುಂಬಿಕೊಂಡೇ ಇಟ್ಟೆ ಅನ್ನಿ. ಅವ್ವ ಒಂದು ಚೂರು ಮುರಿದು ಬಾಯಿಗಿಟ್ಟು, 'ಹಪ್ಳ ಇದ್ದಂಗದೆ ಕಣವ್ವ. ಆ ಮೊದಲ್ನೇದು ಎಲ್ಲಾಕ್ದೆ?' ಅಂದಳು.

ಹಲ್ಲಿನ ತೊಂದರೆ ಇರಬೇಕು ಅಂತ ಕೇಳಿದೆ. ಹಲ್ಲು ಸರಿಯಾಗಿದ್ದಾಗಲೂ ಅವಳಿಗೆ ಗರಿಗರಿ ದೋಸೆ ಸೇರುತ್ತಿರಲಿಲ್ಲವಂತೆ. ಮೆತ್ತಗಿನದು, ಹುಳಿ ವಾಸನೆಯ, ಒಳಗೆ ಹಿಟ್ಟು ಹಿಟ್ಟಾಗಿರುವುದೇ ಬೇಕಂತೆ. ನಿಜ ಹೇಳಿದಳೋ, ಅಥವಾ ಐವತ್ತು ವರ್ಷ ಅದನ್ನೇ ತಿಂದು ನಾಲಿಗೆ ಅದಕ್ಕೇ ಒಗ್ಗಿಹೋಯಿತೋ, ಅವಳಿಗೂ ಗೊತ್ತಿರಲಿಕ್ಕಿಲ್ಲ. ನನಗಂತೂ ಗೊತ್ತಾಗುವ ಬಗೆಯಿಲ್ಲ. ನಾನು ಕೇಳದೆಯೇ ಅವಳ ಪರವಾಗಿ ಮೂವತ್ತು ವರ್ಷ ಮರುಗಿದ್ದು ಮಾತ್ರ ದಂಡ. ಆ ಎಸೆದ ದೋಸೆಯನ್ನು ಎತ್ತಿ, ಬಿಸಿ ಮಾಡಿ ಕೊಟ್ಟೆ. ತಿಂದಳು.

ಈಗ ಕೌಂಟರಿನ ಮುಂದೆ ಮೊದಲಿನ ಸಾಲಿಲ್ಲ. ಸೊಪ್ಪು ಮಾರುವವರ ಬುಟ್ಟಿಗೂ ಕ್ಯೂಆರ್ ಸ್ಟಿಕ್ಕರ್ ಬಂದಿದೆ. ಹಾಗಾಗಿ ನನಗೆ ಕೇಳಲು ಪುರುಸೊತ್ತಿದೆ. ಕಳೆದ ತಿಂಗಳು ಗಂಡ ಹೆಂಡತಿ ಬಂದರು, ಇಬ್ಬರಿಗೂ ಅರವತ್ತರ ಮೇಲೆ. ಪಾಸ್‌ಬುಕ್ ಆಕೆಯದು, ಫಾರಂಗೆ ಸಹಿ ಆಕೆಯದು, ಮೂರು ಸಾವಿರ. 'ಯಾವ ನೋಟು ಕೊಡ್ಲಿ ಅಮ್ಮಾ?' ಅಂದೆ. ಗಂಡ 'ಐನೂರರದ್ದು ಕೊಡಿ' ಅಂದರು. ನಾನು ಅವರ ಕಡೆ ನೋಡದೆ, 'ಅಮ್ಮಾ, ನಿಮಗೆ ಯಾವುದು ಬೇಕು?' ಅಂತ ಮತ್ತೆ ಕೇಳಿದೆ. ಆಕೆ ಗಂಡನನ್ನು ನೋಡಿದರು, ನನ್ನನ್ನು ನೋಡಿದರು, ಗಾಜಿನ ಮೇಲೆ ಅಂಟಿಸಿದ್ದ ನೋಟೀಸು ನೋಡಿದರು. ಹಿಂದೆ ನಿಂತವರೊಬ್ಬರು ಗಂಟಲು ಕೆರೆದರು. ನಾನು ಸುಮ್ಮನೆ ಕೂತೆ.

'ಇಪ್ಪತ್ತರದ್ದು ಒಂದ್ ಕಟ್ಟು ಸಿಗುತ್ತಾ ಮೇಡಂ?' ಅಂದರು, ತೀರಾ ಮೆಲ್ಲಗೆ.

ಡ್ರಾಯರಿನಲ್ಲಿರಲಿಲ್ಲ. ಎದ್ದು ಹೋಗಿ ಹೆಡ್ ಕ್ಯಾಷಿಯರ್ ಹತ್ತಿರ ಕೇಳಿ ತಂದೆ. ಹೊಸದು, ಪಟ್ಟಿ ಕೂಡ ಬಿಚ್ಚಿರಲಿಲ್ಲ. ನೂರು ನೋಟು, ಎರಡು ಸಾವಿರ. ಆಕೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಒಂದು ಸಲ ಮೂಸಿ ನೋಡಿದರು.

'ಉಳಿದ ಸಾವಿರಕ್ಕೆ?' ಅಂದೆ.

'ಅದು ಯಾವುದಾದ್ರೂ ಕೊಡಿ.'